ಸುದ್ದಿಯಿಂದ ಸಮೀಕರಣಕ್ಕೆ

2024ರ ಆಗಸ್ಟ್ 10, ಶನಿವಾರ ರಾತ್ರಿ. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನಲ್ಲಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಯಿತು. ಗೇಟು ನೀರಿನ ರಭಸಕ್ಕೆ ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರು, ನದಿಯ ಕೆಳಗಿನ ಆಂಧ್ರ ಮತ್ತು ತೆಲಂಗಾಣದ ರೈತರು ಒಂದೇ ಪ್ರಶ್ನೆ ಕೇಳುತ್ತಿದ್ದರು: ಇಷ್ಟು ನೀರು ಹೋದರೆ ನಮ್ಮ ಬೆಳೆಯ ಗತಿಯೇನು?

ವಿದ್ಯಾರ್ಥಿ ಮಿತ್ರರೇ, ಆ ಸುದ್ದಿಯನ್ನು ನೀವೂ ನೋಡಿದ್ದೀರಿ. ಹಾಲಿನಂತೆ ಬೆಳ್ಳಗೆ ಧುಮುಕುವ ನೀರಿನ ಚಿತ್ರ ಹಲವು ದಿನಗಳ ಕಾಲ ಎಲ್ಲ ವಾಹಿನಿಗಳಲ್ಲೂ ಬಂದಿತು. ಈಗ ನಿಮ್ಮಲ್ಲಿ ಸಿವಿಲ್ ಅಥವಾ ಮೆಕ್ಯಾನಿಕಲ್ ಓದುತ್ತಿರುವವರನ್ನು ಒಂದು ಮಾತು ಕೇಳುತ್ತೇನೆ. ನಿಮ್ಮ ದ್ರವಬಲ ವಿಜ್ಞಾನದ ಪುಸ್ತಕದಲ್ಲಿ ನೀರಿನಲ್ಲಿ ಲಂಬವಾಗಿ ನಿಂತ ಹಲಗೆಯ ಮೇಲೆ ಬೀಳುವ ಒತ್ತಡದ ಅಧ್ಯಾಯವೊಂದಿದೆ. ಡಿಪ್ಲೊಮಾ ಇರಲಿ, ಪದವಿ ಇರಲಿ, ಅದು ಇಲ್ಲದ ಪಠ್ಯಕ್ರಮವಿಲ್ಲ. ಆಗಸ್ಟ್ 12ರ ಸೋಮವಾರ ನಿಮ್ಮ ತರಗತಿಯಲ್ಲಿ ಯಾರಾದರೂ ಆ ಅಧ್ಯಾಯವನ್ನೂ ಆ ಗೇಟನ್ನೂ ಒಟ್ಟಿಗೆ ಇಟ್ಟು ನೋಡಿದರೇ?

ಬಹುಪಾಲು ಕಾಲೇಜುಗಳಲ್ಲಿ ಅದು ನಡೆಯುವುದಿಲ್ಲ. ಸುದ್ದಿ ಹಾಸ್ಟೆಲಿನ ಟಿ.ವಿ. ಕೋಣೆಯಲ್ಲಿ ಉಳಿಯುತ್ತದೆ, ಸಮೀಕರಣ ತರಗತಿಯ ಕರಿಹಲಗೆಯಲ್ಲಿ ಉಳಿಯುತ್ತದೆ. ಇವೆರಡನ್ನು ಹತ್ತಿರ ತಂದರೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ. ಮಾತಿಗಿಂತ ಲೆಕ್ಕವೇ ಮೇಲು. ಮೊದಲು ಲೆಕ್ಕ ಮಾಡಿಬಿಡೋಣ.

ತುಂಗಭದ್ರೆಯ ಆ ಗೇಟು ಸುಮಾರು 60 ಅಡಿ ಅಗಲ, 20 ಅಡಿ ಎತ್ತರ. ಮೀಟರಿನಲ್ಲಿ ಹೇಳುವುದಾದರೆ 18.3 ಮತ್ತು 6.1. ನೀರು ಗೇಟಿನ ಮೇಲಂಚಿನವರೆಗೆ ನಿಂತಿದೆ ಎಂದುಕೊಳ್ಳಿ. ನೀರಿನ ಮೇಲ್ಮೈಯಲ್ಲಿ ಒತ್ತಡವಿಲ್ಲ. ಕೆಳಗಿಳಿದಂತೆ ಪ್ರತಿ ಮೀಟರ್ ಆಳಕ್ಕೆ ಪ್ರತಿ ಚದರ ಮೀಟರಿನ ಮೇಲೆ ಒಂದೊಂದು ಟನ್ನಿನಂತೆ ಏರುತ್ತದೆ. ಗೇಟಿನ ಸರಾಸರಿ ಆಳ 3.05 ಮೀಟರ್, ಎಂದರೆ ಸರಾಸರಿ ಒತ್ತಡ ಚದರ ಮೀಟರಿಗೆ 3.05 ಟನ್. ಗೇಟಿನ ವಿಸ್ತೀರ್ಣ ಸುಮಾರು 111.6 ಚದರ ಮೀಟರ್. ಎರಡನ್ನೂ ಗುಣಿಸಿ. ಸುಮಾರು 340 ಟನ್! ತಲಾ 25 ಟನ್ ತೂಗುವ ಹದಿಮೂರು ಲಾರಿಗಳನ್ನು ಒಂದು ತಗಡಿಗೆ ಒರಗಿಸಿ ನಿಲ್ಲಿಸಿದಂತೆ. ಅಂಥ 33 ಗೇಟುಗಳು ಆ ಅಣೆಕಟ್ಟಿನ ಮೇಲಿವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಈ ಲೆಕ್ಕದಲ್ಲಿ ಜಲಾಶಯದ ನೀರು ಎಷ್ಟು ದೂರ ಹರಡಿದೆ ಎಂಬ ಅಂಕಿ ಎಲ್ಲಿಯೂ ಬರಲಿಲ್ಲ. ನೂರು ಟಿ.ಎಂ.ಸಿ. ಅಡಿಗೂ ಮೀರಿದ ನೀರಿನ ಬದಲು ಗೇಟಿನ ಹಿಂದೆ ಒಂದೇ ಅಡಿ ಅಗಲದ ತೊಟ್ಟಿಯಲ್ಲಿ 20 ಅಡಿ ನೀರು ನಿಂತಿದ್ದರೂ ಗೇಟಿನ ಮೇಲಿನ ಭಾರ ಅಷ್ಟೇ. ಅದನ್ನು ನಿರ್ಧರಿಸುವುದು ನೀರಿನ ಆಳ ಮಾತ್ರ. ಆಳವನ್ನು ಅರ್ಧಕ್ಕೆ ಇಳಿಸಿದರೆ ಭಾರ ಅರ್ಧಕ್ಕೆ ಇಳಿಯುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಏಕೆಂದರೆ ಸರಾಸರಿ ಒತ್ತಡವೂ ಅರ್ಧ, ನೀರು ತಾಗುವ ವಿಸ್ತೀರ್ಣವೂ ಅರ್ಧ. ಪುಸ್ತಕದಲ್ಲಿ ಆಳದ ವರ್ಗ ಎಂದು ಬರೆದಿರುವುದು ಇದನ್ನೇ.

ಈಗ ಇನ್ನೊಂದು ಹೆಜ್ಜೆ. ಗೇಟು ಹೋದ ಕಂಡಿಯಿಂದ ಎಷ್ಟು ನೀರು ಹರಿಯುತ್ತದೆ? ಕೋಡಿಯ ಮೇಲೆ ಹರಿಯುವ ನೀರಿನ ಸೂತ್ರ ನಿಮಗೆ ಗೊತ್ತು: ಒಂದು ಗುಣಾಂಕ, ಕಂಡಿಯ ಅಗಲ, ನೀರಿನ ಎತ್ತರದ ಒಂದೂವರೆ ಘಾತ, ಇವುಗಳ ಗುಣಲಬ್ಧ. ಮೀಟರ್ ಲೆಕ್ಕದಲ್ಲಿ ಗುಣಾಂಕವನ್ನು ಸುಮಾರು 2 ಎಂದು ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 550 ಘನ ಮೀಟರ್ ಬರುತ್ತದೆ. ಎಂದರೆ 19,500 ಕ್ಯೂಸೆಕ್ಸ್‌ನ ಆಸುಪಾಸು. ಆ ದಿನಗಳ ವರದಿಗಳಲ್ಲಿ ಆ ಒಂದು ಗೇಟಿನಿಂದ 35 ಸಾವಿರ ಕ್ಯೂಸೆಕ್ಸ್ ಹೋಗುತ್ತಿದೆ ಎಂಬ ಅಂಕಿ ಬಂದಿತ್ತು. ನಮ್ಮದು ತಪ್ಪೇ, ಅದು ತಪ್ಪೇ? ಪರೀಕ್ಷಿಸಲು ಒಂದು ದಾರಿಯಿದೆ. ಅಣೆಕಟ್ಟಿನ ಕೋಡಿಯ ವಿನ್ಯಾಸ ಸಾಮರ್ಥ್ಯ 6.5 ಲಕ್ಷ ಕ್ಯೂಸೆಕ್ಸ್. ಅದನ್ನು 33 ಗೇಟುಗಳಿಗೆ ಹಂಚಿ ನೋಡಿ. ಗೇಟೊಂದಕ್ಕೆ ಸುಮಾರು 19,700. ನಮ್ಮ ಲೆಕ್ಕದ ಪಕ್ಕಕ್ಕೇ ಬಂದು ಕುಳಿತಿತು! ಹಾಗಾದರೆ 35 ಸಾವಿರ ಎಲ್ಲಿಂದ ಬಂತು, ಅದು ಒಂದೇ ಗೇಟಿನದೋ ಬೇರೆ ನೀರೂ ಸೇರಿದ್ದೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಪತ್ರಿಕೆಯ ಅಂಕಿಯೊಂದನ್ನು ಎರಡನೇ ವರ್ಷದ ವಿದ್ಯಾರ್ಥಿ ತನ್ನ ಲೆಕ್ಕದ ಬಲದಿಂದ ಪ್ರಶ್ನಿಸಬಲ್ಲನಾದರೆ, ಆ ಅಧ್ಯಾಯ ಅವನಿಗೆ ದಕ್ಕಿದೆ ಎಂದೇ ಅರ್ಥ.

ಮುಂದುವರಿಸೋಣ. 19,500 ಕ್ಯೂಸೆಕ್ಸ್ ಒಂದು ದಿನ ಹರಿದರೆ ಸುಮಾರು 1.7 ಟಿ.ಎಂ.ಸಿ. ಅಡಿ. ಒಂದೇ ಗೇಟಿನಿಂದ ಮಾತ್ರ ನೀರು ಹೋಗಿದ್ದರೆ ವಾರಕ್ಕೆ ಹನ್ನೆರಡು ಟಿ.ಎಂ.ಸಿ. ಹೋಗುತ್ತಿತ್ತು. ಆದರೆ ವಾಸ್ತವದಲ್ಲಿ ಇತರ ಗೇಟುಗಳನ್ನೂ ಎತ್ತಿ ಅದಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಬೇಕೆಂದೇ ಬಿಡಲಾಯಿತು. ರೈತರ ಕಣ್ಣಿಗೆ ಇದು ಹುಚ್ಚುತನದಂತೆ ಕಂಡಿರಬಹುದು. ಮೇಲಿನ ಆಳದ ವರ್ಗ ನೆನಪಿದ್ದವರಿಗೆ ಕಾರಣ ಹೊಳೆಯುತ್ತದೆ. ಮಟ್ಟ ಇಳಿಸಿದರೆ ಉಳಿದ 32 ಗೇಟುಗಳ ಮೇಲಿನ ಭಾರ ಬೇಗ ಇಳಿಯುತ್ತದೆ, ಕಂಡಿಯಲ್ಲಿ ಹರಿವಿನ ರಭಸ ತಗ್ಗುತ್ತದೆ, ಅಲ್ಲಿ ಮನುಷ್ಯರು ಕೆಲಸ ಮಾಡಬಹುದು. ಕಂಡಿಯನ್ನು ಮುಚ್ಚಲು ಸಿದ್ಧ ತಡೆಹಲಗೆ, ಎಂದರೆ ಸ್ಟಾಪ್‌ಲಾಗ್, ಇರಲಿಲ್ಲ. ಉಕ್ಕಿನಲ್ಲಿ ಹೊಸದಾಗಿ ಮಾಡಿಸಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎಂಜಿನಿಯರುಗಳೂ ಕಾರ್ಮಿಕರೂ ಹರಿಯುವ ನೀರಿನ ನಡುವೆಯೇ ಅದನ್ನು ಇಳಿಸಿದರು. ಸುಮಾರು ಒಂದು ವಾರದಲ್ಲಿ ಕಂಡಿ ಮುಚ್ಚಿತು. ಆ ವರ್ಷ ಮುಂದೆ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿದ್ದು ರೈತರ ಪುಣ್ಯ.

ನೋಡಿ, ಒಂದು ಸುದ್ದಿ ಎಷ್ಟು ಪಾಠಗಳನ್ನು ಎಳೆದು ತಂದಿತು! ಸರಪಳಿಯ ಕೊಂಡಿ ಏಕೆ ತುಂಡಾಗುತ್ತದೆ ಎಂದು ಹೊರಟರೆ ತುಕ್ಕು, ಲೋಹದ ದಣಿವು ಎಂದು ಪದಾರ್ಥ ವಿಜ್ಞಾನಕ್ಕೆ ಹೋಗುತ್ತೀರಿ. ಏಳು ದಶಕ ಹಳೆಯ ಯಂತ್ರದ ತಪಾಸಣೆ ಎಷ್ಟು ದಿನಕ್ಕೊಮ್ಮೆ ಆಗಬೇಕು ಎಂದು ಹೊರಟರೆ ನಿರ್ವಹಣಾ ಶಾಸ್ತ್ರ. ನೀರಿನ ಹಂಚಿಕೆಯ ಮಾತೆತ್ತಿದರೆ ಮೂರು ರಾಜ್ಯಗಳ ರಾಜಕೀಯ! ಅದನ್ನು ಸದ್ಯಕ್ಕೆ ಬಿಡೋಣ.

ಇಪ್ಪತ್ತು ಬೆಂಚು, ಇಪ್ಪತ್ತೊಂದನೇ ವಿದ್ಯಾರ್ಥಿ

ನೀರು, ಉಕ್ಕು ಕಣ್ಣಿಗೆ ಕಾಣುವಂಥವು. ಕಣ್ಣಿಗೆ ಕಾಣದ ತಂತ್ರಾಂಶದ ವಿದ್ಯಾರ್ಥಿಗಳು ಏನು ಮಾಡಬೇಕು ಎಂದು ನೀವು ಕೇಳಬಹುದು. ಅವರಿಗೂ ಅದೇ ವರ್ಷ ಒಂದು ದೊಡ್ಡ ಪಾಠ ಸಿಕ್ಕಿತ್ತು.

2024ರ ಜುಲೈ 19, ಶುಕ್ರವಾರ. ಜಗತ್ತಿನಾದ್ಯಂತ ವಿಂಡೋಸ್ ಗಣಕಯಂತ್ರಗಳ ತೆರೆ ನೀಲಿಯಾಗಿ ನಿಂತುಬಿಟ್ಟಿತು. ಆಸ್ಪತ್ರೆ, ಬ್ಯಾಂಕು, ದೂರದರ್ಶನ ಕೇಂದ್ರ, ವಿಮಾನ ನಿಲ್ದಾಣ ಎಲ್ಲಕ್ಕೂ ಪೆಟ್ಟು ಬಿತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟಿದ್ದನ್ನು ನೀವು ಚಿತ್ರದಲ್ಲಿ ನೋಡಿರುತ್ತೀರಿ. ಸೈಬರ್ ದಾಳಿಯೆಂಬ ಗುಲ್ಲೂ ಎದ್ದಿತು. ಅದು ದಾಳಿಯಾಗಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕಂಪನಿ ಕಳಿಸಿದ ಒಂದು ಸಣ್ಣ ಕಡತದ ದೋಷ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಹೊರಟ ಆ ಕಡತವನ್ನು 10 ಗಂಟೆ 57 ನಿಮಿಷಕ್ಕೆ ಕಂಪನಿ ಹಿಂತೆಗೆದುಕೊಂಡಿತು. ನಡುವಿನ ಅವಧಿ 78 ನಿಮಿಷ. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಕೆಟ್ಟವು.

ದೋಷವೇನು? ಕಂಪನಿಯೇ ಮುಂದಿನ ತಿಂಗಳು ಪ್ರಕಟಿಸಿದ ವರದಿಯಲ್ಲಿ ಅದು ವಿವರವಾಗಿದೆ. ಒಂದೆಡೆ 21 ಮಾಹಿತಿಗಳು ಬರುತ್ತವೆ ಎಂದು ನಿಗದಿಯಾಗಿತ್ತು, ಇನ್ನೊಂದೆಡೆ ಅವನ್ನು ಒದಗಿಸುವ ಕ್ರಮವಿಧಿ 20ನ್ನು ಮಾತ್ರ ಕೊಡುತ್ತಿತ್ತು. ಪರೀಕ್ಷಾ ಕೊಠಡಿಯಲ್ಲಿ ಇಪ್ಪತ್ತು ಬೆಂಚುಗಳಿವೆ. ಇಪ್ಪತ್ತೊಂದನೆಯ ಬೆಂಚಿನಲ್ಲಿ ಕುಳಿತವನ ಉತ್ತರ ಪತ್ರಿಕೆ ತನ್ನಿ ಎಂದು ಮೇಲ್ವಿಚಾರಕರಿಗೆ ಆಜ್ಞೆಯಾಗಿದೆ. ಅವರು ಗೋಡೆಯಾಚೆ ಕೈ ಹಾಕಿ ಸಿಕ್ಕಿದ್ದನ್ನು ತಂದರೆ ಹೇಗೋ ಹಾಗೆ, ಯಂತ್ರ ತನಗೆ ಸೇರದ ಸ್ಮೃತಿಕೋಶಕ್ಕೆ ಕೈಹಾಕಿತು. ಅದುವರೆಗೆ ಇಪ್ಪತ್ತೊಂದನೆಯದನ್ನು ಯಾರೂ ನಿಜವಾಗಿ ಕೇಳಿರಲಿಲ್ಲ, ಏನಿದ್ದರೂ ಆದೀತು ಎಂದೇ ಬಿಟ್ಟಿದ್ದರು. ಆದ್ದರಿಂದ ಪರೀಕ್ಷೆಗಳಲ್ಲಿ ದೋಷ ಸಿಕ್ಕಿಬೀಳಲಿಲ್ಲ. ಸಾಮಾನ್ಯ ತಂತ್ರಾಂಶವಾಗಿದ್ದರೆ ಅದೊಂದೇ ನಿಲ್ಲುತ್ತಿತ್ತು. ಇದು ಕಾರ್ಯಾಚರಣ ವ್ಯವಸ್ಥೆಯ ಗರ್ಭಗುಡಿಯೊಳಗೆ ಕುಳಿತದ್ದು, ಬೀಳುವಾಗ ಯಂತ್ರವನ್ನೇ ಕೆಡವಿತು.

ಸಿ ಭಾಷೆ ಕಲಿಯುವ ಪ್ರತಿಯೊಬ್ಬರಿಗೂ ಮೊದಲ ತಿಂಗಳಲ್ಲೇ ಹೇಳುವ ಪಾಠವಿದು: ಹತ್ತು ಮನೆಗಳ ಸರಣಿಯಲ್ಲಿ ಹನ್ನೊಂದನೆಯ ಮನೆಯನ್ನು ಓದಬೇಡಿ. ಎರಡು ಅಂಕದ ಪ್ರಶ್ನೆಯಾಗಿ ಅದನ್ನು ಉರುಹೊಡೆದು ಮರೆಯುತ್ತೇವೆ. ಕೈಬರಹದ ಬೋರ್ಡಿಂಗ್ ಪಾಸಿನ ಚಿತ್ರವನ್ನು ಪಕ್ಕದಲ್ಲಿಟ್ಟು ಹೇಳಿದರೆ ಮರೆಯುವುದು ಕಷ್ಟ. ಪ್ರಯೋಗಶಾಲೆಯಲ್ಲಿ ಹತ್ತು ಸಾಲಿನ ಕ್ರಮವಿಧಿ ಬರೆದು ಈ ತಪ್ಪನ್ನು ಬೇಕೆಂದೇ ಮಾಡಿ ನೋಡಿ. ಕೆಲವೊಮ್ಮೆ ಯಂತ್ರ ಏನೂ ಹೇಳದೆ ಕಸದಂಥ ಅಂಕಿಯನ್ನು ಕೊಟ್ಟು ಮುಂದೆ ಹೋಗುತ್ತದೆ. ನನಗಂತೂ ಬೀಳುವುದಕ್ಕಿಂತ ಆ ಮೌನವೇ ಹೆಚ್ಚು ಭಯಾನಕವೆನಿಸುತ್ತದೆ.

ದೀಪ ಆರಿಸಿದ ಒಂಬತ್ತು ನಿಮಿಷ

ವಿದ್ಯುತ್ ವಿಭಾಗದವರನ್ನು ಮರೆತರೆ ಅವರು ಮುನಿಸಿಕೊಂಡಾರು. 2020ರ ಏಪ್ರಿಲ್ 5, ಭಾನುವಾರ. ಕೊರೋನಾ ಲಾಕ್‌ಡೌನ್ ಕಾಲ. ರಾತ್ರಿ 9 ಗಂಟೆಗೆ ಒಂಬತ್ತು ನಿಮಿಷ ಮನೆಯ ವಿದ್ಯುದ್ದೀಪ ಆರಿಸಿ ಹಣತೆ ಹಚ್ಚಬೇಕೆಂದು ಪ್ರಧಾನಿ ಕರೆಕೊಟ್ಟಿದ್ದರು. ನಿಮ್ಮಲ್ಲಿ ಹಲವರು ಆಗ ಶಾಲೆಯಲ್ಲಿದ್ದಿರಿ. ಮಹಡಿಯ ಮೇಲೆ ನಿಂತು ದೀಪ ಹಿಡಿದದ್ದು ನೆನಪಿರಬಹುದು. ಅದೇ ಹೊತ್ತಿನಲ್ಲಿ ದೇಶದ ವಿದ್ಯುಜ್ಜಾಲದ ನಿಯಂತ್ರಣ ಕೇಂದ್ರಗಳಲ್ಲಿ ಎಂಜಿನಿಯರುಗಳು ಉಸಿರು ಬಿಗಿಹಿಡಿದು ಕುಳಿತಿದ್ದರು.

ಏಕೆಂದರೆ ವಿದ್ಯುತ್ತನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಕೂಡಿಡಲಾಗದು. ಬಳಸುವಷ್ಟನ್ನು ಆ ಕ್ಷಣವೇ ಉತ್ಪಾದಿಸುತ್ತಿರಬೇಕು. ಸೈಕಲ್ ತುಳಿಯುವಾಗ ಹಿಂದೆ ಕುಳಿತ ಗೆಳೆಯ ಥಟ್ಟನೆ ಜಿಗಿದರೆ ಸೈಕಲ್ ಮುನ್ನುಗ್ಗುತ್ತದೆ, ಥಟ್ಟನೆ ಹತ್ತಿ ಕುಳಿತರೆ ತಡವರಿಸುತ್ತದೆ. ಜನರೇಟರುಗಳೂ ಹೀಗೆಯೇ. ಹೊರೆ ಇಳಿದರೆ ವೇಗ ಏರುತ್ತದೆ, ಹೊರೆ ಏರಿದರೆ ವೇಗ ಇಳಿಯುತ್ತದೆ. ಆ ವೇಗವೇ ನಮ್ಮ ಮನೆಯ ವಿದ್ಯುತ್ತಿನ ಆವೃತ್ತಿ, ಎಂದರೆ ಫ್ರೀಕ್ವೆನ್ಸಿ. ಅದು 50 ಹರ್ಟ್ಸ್ ಬಳಿಯೇ ನಿಲ್ಲಬೇಕು. ತೀರ ಆಚೀಚೆ ಹೋದರೆ ರಕ್ಷಣಾ ಸಾಧನಗಳು ಒಂದೊಂದಾಗಿ ಕಡಿದುಕೊಳ್ಳುತ್ತವೆ. ಆ ರಾತ್ರಿ ಬೇಡಿಕೆ ಕೆಲವೇ ನಿಮಿಷಗಳಲ್ಲಿ ಸುಮಾರು 31 ಸಾವಿರ ಮೆಗಾವಾಟ್ ಕುಸಿಯಿತು. ಮತ್ತೆ ಕೆಲವೇ ನಿಮಿಷಗಳಲ್ಲಿ ಮರಳಿ ಏರಿತು. ಆದರೂ ಜಾಲ ಬೀಳಲಿಲ್ಲ. ಆವೃತ್ತಿ 49.7 ಮತ್ತು 50.26ರ ನಡುವೆಯೇ ಉಳಿಯಿತು. ಮುಖ್ಯವಾಗಿ ಕಾಪಾಡಿದ್ದು ಜಲವಿದ್ಯುತ್ ಕೇಂದ್ರಗಳು. ಕಲ್ಲಿದ್ದಲಿನ ಕುಲುಮೆಯನ್ನು ನಿಮಿಷಗಳಲ್ಲಿ ತಗ್ಗಿಸಿ ಏರಿಸಲಾಗದು; ನೀರಿನ ಕೊಳವೆಯ ಬಾಗಿಲನ್ನು ಬೇಗ ಮುಚ್ಚಿ ತೆರೆಯಬಹುದು.

ಇದರ ಜೊತೆಗೆ ಹಳೆಯ ಇನ್ನೊಂದು ಸುದ್ದಿಯನ್ನಿಟ್ಟು ಓದಿ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಎರಡು ಬಾರಿ ಕುಸಿಯಿತು. ಎರಡನೇ ದಿನ ಪೂರ್ವ ಮತ್ತು ಈಶಾನ್ಯ ಭಾಗಗಳೂ ಸೇರಿ ಅರವತ್ತು ಕೋಟಿ ಜನರ ಪ್ರದೇಶ ಕತ್ತಲಾಯಿತು. ಬೆಂಗಳೂರಿನಲ್ಲಿ ದೀಪ ಉರಿಯುತ್ತಲೇ ಇತ್ತು. ನಾವು ಜಾಣರೆಂದಲ್ಲ! ದಕ್ಷಿಣದ ಜಾಲ ಆಗ ಉಳಿದ ಭಾರತದೊಡನೆ ಏಕಮುಖ ವಿದ್ಯುತ್ತಿನ ಕೊಂಡಿಗಳಿಂದ ಮಾತ್ರ ಸೇರಿತ್ತು, ಆವೃತ್ತಿಯ ಏರಿಳಿತ ಆ ಕೊಂಡಿಯನ್ನು ದಾಟದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲೂ ಆದ ಮೇಲೆ ದೇಶವೆಲ್ಲ ಒಂದೇ ತಾಳಕ್ಕೆ ಬಂದಿತು. ಅಂದಿನಿಂದ ಕಾಶ್ಮೀರದ ಜನರೇಟರೂ ಶರಾವತಿಯ ಜನರೇಟರೂ ಒಂದೇ ಹೆಜ್ಜೆ ಹಾಕುತ್ತವೆ. ಕೊರತೆಯಾದಾಗ ದೂರದ ವಿದ್ಯುತ್ ತರಬಹುದು ಎಂಬುದು ಲಾಭ. ದೂರದ ತೊಂದರೆಯೂ ಬಂದೀತು ಎಂಬುದು ಅದರ ಬೆಲೆ. ಲಾಭ ಹೆಚ್ಚೋ ಬೆಲೆ ಹೆಚ್ಚೋ? ತರಗತಿಯಲ್ಲಿ ಎರಡು ಪಕ್ಷ ಮಾಡಿ ವಾದಿಸಲು ಇದಕ್ಕಿಂತ ಒಳ್ಳೆಯ ವಿಷಯ ಸಿಗದು.

ಚಂದ್ರಯಾನದ ಸುದ್ದಿಯನ್ನು ನಾನು ಬೇಕೆಂದೇ ಹಿಂದಕ್ಕಿಟ್ಟೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೂ ಒಂದು ಮಾತು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರನ ಮೇಲೆ ಇಳಿದ ವಿಕ್ರಮನನ್ನು ಚಪ್ಪಾಳೆ ತಟ್ಟಿ ನೋಡಿದ್ದು ಸರಿಯೇ. 2019ರ ಸೆಪ್ಟೆಂಬರ್ 7ರಂದು ಮುಗ್ಗರಿಸಿದ ವಿಕ್ರಮನ ಜೊತೆಗೆ ಹೋಲಿಸಿ ನೋಡುವುದು ಇನ್ನೂ ಹೆಚ್ಚು ಕಲಿಸುತ್ತದೆ. ಮೊದಲನೆಯದಕ್ಕೆ ಐದು ಎಂಜಿನ್, ಎರಡನೆಯದಕ್ಕೆ ನಾಲ್ಕು. ಮೊದಲನೆಯದು ಇಳಿಯಬೇಕಿದ್ದ ಜಾಗ 500 ಮೀಟರ್ ಉದ್ದಗಲದ್ದು. ಎರಡನೆಯದಕ್ಕೆ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲದ ಬಯಲು. ಕಾಲುಗಳನ್ನು ಗಟ್ಟಿ ಮಾಡಿದರು, ವೇಗ ಅಳೆಯಲು ಲೇಸರ್ ಉಪಕರಣ ಸೇರಿಸಿದರು. ಏನೇನು ಕೆಡಬಹುದು ಎಂಬುದರಿಂದಲೇ ವಿನ್ಯಾಸ ಶುರುವಾಯಿತು. ಪೀಣ್ಯದ ಕೇಂದ್ರದಲ್ಲಿ ಕುಳಿತವರು ಕೊನೆಯ ಹಂತದಲ್ಲಿ ಏಕೆ ಕೈಕಟ್ಟಿ ನೋಡುತ್ತಿದ್ದರು ಎಂದು ನಿಮ್ಮ ಮನೆಯವರು ಕೇಳಿದರೆ, ಸಂಕೇತ ಚಂದ್ರನಿಗೆ ಹೋಗಲು 1.3 ಸೆಕೆಂಡು, ಬರಲು ಮತ್ತೆ ಅಷ್ಟೇ ಬೇಕೆಂದು ಹೇಳಿ. ಇಳಿಯುವ ನೌಕೆ ತನ್ನ ತೀರ್ಮಾನವನ್ನು ತಾನೇ ತೆಗೆದುಕೊಳ್ಳಲೇಬೇಕು.

ಕಾಯುವುದೂ ಪಾಠವೇ

ಇನ್ನು ಎಚ್ಚರಿಕೆಯ ಮಾತು. ಇದನ್ನು ದೂರದರ್ಶನದ ಕೆಲಸದಲ್ಲಿರುವವನಾಗಿ ಹೇಳುವುದು ನನಗೆ ಸ್ವಲ್ಪ ಇರಿಸುಮುರುಸು. ಘಟನೆ ನಡೆದ ದಿನ ಸುದ್ದಿಗೆ ತಿಳಿದಿರುವುದು ಕಡಿಮೆ, ಹೇಳಬೇಕಾದ ಸಮಯ ಹೆಚ್ಚು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದು 260 ಜನ ಸತ್ತಾಗ, ಕೆಲವೇ ಗಂಟೆಗಳಲ್ಲಿ ಹತ್ತಾರು ಕಾರಣಗಳು ಫೋನಿನಿಂದ ಫೋನಿಗೆ ಹರಿದಾಡಿದವು. ಪ್ರಾಥಮಿಕ ತನಿಖಾ ವರದಿ ಬಂದದ್ದು ಒಂದು ತಿಂಗಳ ನಂತರ. ಸತ್ತವರಲ್ಲಿ ಹಾಸ್ಟೆಲಿನಲ್ಲಿ ಊಟಕ್ಕೆ ಕುಳಿತಿದ್ದ, ನಿಮ್ಮದೇ ವಯಸ್ಸಿನ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. ಇಂಥ ಘಟನೆಯನ್ನು ಮರುದಿನವೇ ತರಗತಿಯ ಒಗಟಾಗಿಸುವುದು ಸರಿಯಲ್ಲ. ಆ ದಿನ ವಿಮಾನ ಮೇಲೇರುವ ತತ್ತ್ವವನ್ನು ಓದಬಹುದು. ತಪ್ಪು ಯಾರದೆಂದು ತೀರ್ಪು ಕೊಡಬಾರದು. ವರದಿಗೆ ಕಾಯಬೇಕು, ಬಂದ ಮೇಲೆ ಓದಬೇಕು. ಓದಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ವರದಿ ಬರುವ ಹೊತ್ತಿಗೆ ವಾಹಿನಿಗಳು ಬೇರೆ ಸುದ್ದಿಯ ಬೆನ್ನುಹತ್ತಿರುತ್ತವೆ.

ಕಾದು ಕಲಿತ ಪಾಠಕ್ಕೆ ಒಂದು ಹಳೆಯ ಉದಾಹರಣೆಯುಂಟು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಏಳು ಮಂದಿಯಲ್ಲಿ ಒಬ್ಬರು ಶಾಲಾ ಶಿಕ್ಷಕಿ. ಆದ್ದರಿಂದಲೇ ಸಾವಿರಾರು ಮಕ್ಕಳು ತರಗತಿಯಲ್ಲಿ ಕುಳಿತು ನೇರಪ್ರಸಾರದಲ್ಲಿ ಅದನ್ನು ನೋಡುತ್ತಿದ್ದರು. ಫೆಬ್ರವರಿ 11ರಂದು ತನಿಖಾ ಆಯೋಗದ ಬಹಿರಂಗ ಸಭೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಒಂದು ರಬ್ಬರ್ ಉಂಗುರದ ತುಂಡನ್ನು ಚಿಮುಟಿನಿಂದ ಬಿಗಿದು, ತಮ್ಮ ಮುಂದಿದ್ದ ಮಂಜುನೀರಿನ ಲೋಟದಲ್ಲಿ ಅದ್ದಿ ತೆಗೆದರು. ಚಿಮುಟು ಸಡಿಲಿಸಿದಾಗ ತಣ್ಣಗಾದ ರಬ್ಬರು ತಕ್ಷಣ ತನ್ನ ಆಕಾರಕ್ಕೆ ಮರಳಲಿಲ್ಲ. ನೌಕೆ ಹಾರಿದ ಮುಂಜಾನೆ ಕೊರೆಯುವ ಚಳಿಯಿತ್ತು. ರಾಕೆಟ್ಟಿನ ಕೀಲುಗಳಲ್ಲಿ ಬಿಸಿ ಅನಿಲವನ್ನು ತಡೆಯಬೇಕಾಗಿದ್ದವು ಅಂಥವೇ ಉಂಗುರಗಳು. ಕ್ಯಾಮೆರಾ ಮುಂದೆ ನಡೆದ ವಿಜ್ಞಾನದ ಪಾಠಗಳಲ್ಲಿ ನನಗೆ ಇದಕ್ಕಿಂತ ಮೇಲಾದದ್ದು ಗೊತ್ತಿಲ್ಲ. ಬೇಕಾದದ್ದು ಒಂದು ಲೋಟ ನೀರು ಮಾತ್ರ.

ಪರೀಕ್ಷೆಗೆ ಬರುತ್ತದೆಯೇ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬರುವುದು ನನಗೆ ಕೇಳಿಸುತ್ತಿದೆ. ಬಹುಶಃ ಬರುವುದಿಲ್ಲ. ಉಪನ್ಯಾಸಕರಿಗೂ ಪಠ್ಯ ಮುಗಿಸುವ ಒತ್ತಡವಿದೆ, ಅವರನ್ನು ದೂರಲಾರೆ. ಆದರೆ ಇದಕ್ಕೆ ವಾರಕ್ಕೆ ಇಪ್ಪತ್ತು ನಿಮಿಷ ಸಾಕು. ತರಗತಿಯಲ್ಲಿ ಸಿಗದಿದ್ದರೆ ಹಾಸ್ಟೆಲಿನ ಜಗಲಿಯಲ್ಲಿ ನಾಲ್ಕು ಜನ ಕುಳಿತರೂ ಆದೀತು. ಒಬ್ಬರು ಪತ್ರಿಕೆಯ ತುಣುಕು ತರಲಿ, ಒಬ್ಬರು ಅದರಲ್ಲಿರುವ ಅಂಕಿಗಳನ್ನು ಗುರುತು ಹಾಕಲಿ, ಇನ್ನೊಬ್ಬರು ಅದು ಯಾವ ಅಧ್ಯಾಯದ ವಿಷಯವೆಂದು ಹುಡುಕಲಿ. ಅಂಕಿಗಳಿಲ್ಲದ ಸುದ್ದಿಯನ್ನು ಬದಿಗಿಡಿ. ನೋಟ್‌ಬುಕ್ಕಿನ ಎಡಪುಟದಲ್ಲಿ ಸುದ್ದಿ ಅಂಟಿಸಿ, ಬಲಪುಟದಲ್ಲಿ ಲೆಕ್ಕ ಮಾಡಿ, ಕೆಳಗೆ ಅರ್ಧ ಪುಟ ಖಾಲಿ ಬಿಡಿ. ಆರು ತಿಂಗಳ ನಂತರ ತನಿಖಾ ವರದಿ ಬಂದಾಗ ಆ ಜಾಗ ಬೇಕಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಪಿ.ಯು.ಸಿ. ಅಥವಾ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಏಕಾಏಕಿ ಎಲ್ಲವೂ ಇಂಗ್ಲಿಷಾಗಿ, ಬುದ್ಧಿಯಿದ್ದೂ ಬಾಯಿ ಬಾರದೆ ಕುಳಿತ ಮಕ್ಕಳನ್ನು ಪ್ರತಿ ಕಾಲೇಜಿನಲ್ಲೂ ಕಾಣಬಹುದು. ನಮ್ಮ ಸಂವಾದ ಕಾರ್ಯಕ್ರಮಗಳ ಚಿತ್ರೀಕರಣದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ವ್ಯಾಖ್ಯೆ ಕೇಳಿದರೆ ತಲೆ ತಗ್ಗಿಸುವ ವಿದ್ಯಾರ್ಥಿನಿ, ತನ್ನ ಊರಿನ ಕಾಲುವೆಗೆ ನೀರು ಏಕೆ ಬರಲಿಲ್ಲ ಎಂದು ಕೇಳಿದರೆ ಐದು ನಿಮಿಷ ತಡೆಯಿಲ್ಲದೆ ಮಾತಾಡುತ್ತಾಳೆ. ತೂಬು, ಗೇಟು, ಮಟ್ಟ, ರಭಸ ಎಲ್ಲವೂ ಅವಳಿಗೆ ಗೊತ್ತು. ಗೊತ್ತಿಲ್ಲದ್ದು ಅವುಗಳ ಇಂಗ್ಲಿಷ್ ಹೆಸರು ಮಾತ್ರ. ಸುದ್ದಿ ಕನ್ನಡದಲ್ಲಿದೆ, ಪುಸ್ತಕ ಇಂಗ್ಲಿಷಿನಲ್ಲಿದೆ. ಒಂದೇ ಸಂಗತಿಯನ್ನು ಎರಡೂ ಕಡೆ ಓದಿದಾಗ ಪದಗಳು ತಾವಾಗಿ ಜೋಡಿಯಾಗುತ್ತವೆ. ನಿಘಂಟು ಹಿಡಿದು ಕಲಿಯುವುದಕ್ಕಿಂತ ಇದು ಸುಲಭ.

ಕೊನೆಗೆ ನಿಮಗೊಂದು ಲೆಕ್ಕ ಕೊಟ್ಟು ಮುಗಿಸುತ್ತೇನೆ. ತುಂಗಭದ್ರೆಯ ಆ ಕಂಡಿಗೆ ಇಳಿಸಿದ ಸ್ಟಾಪ್‌ಲಾಗನ್ನು ಒಂದೇ ದೊಡ್ಡ ತಗಡಾಗಿ ಮಾಡದೆ, ಒಂದರ ಮೇಲೊಂದು ಕೂರುವ ಐದು ಅಡ್ಡ ತುಂಡುಗಳಾಗಿ ಮಾಡಿದ್ದರು. ಪ್ರತಿಯೊಂದೂ 60 ಅಡಿ ಉದ್ದ, 4 ಅಡಿ ಎತ್ತರ ಎಂದಿಟ್ಟುಕೊಳ್ಳಿ. ಜಲಾಶಯ ತುಂಬಿದಾಗ ಒಟ್ಟು ಭಾರ 340 ಟನ್ ಎಂದು ಮೇಲೆ ಕಂಡೆವು. ಅದು ಐದು ತುಂಡುಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಮೇಲಿನ ತುಂಡಿನ ಮೇಲೆ ಸುಮಾರು 13.6 ಟನ್ ಬೀಳುತ್ತದೆ. ಅದನ್ನು ಒಂದು ಪಾಲು ಎನ್ನಿ. ಉಳಿದ ನಾಲ್ಕಕ್ಕೆ ಎಷ್ಟೆಷ್ಟು ಪಾಲು ಬರುತ್ತದೆ ಎಂದು ಮಾಡಿ ನೋಡಿ. 3, 5, 7, 9 ಎಂದು ಬಂದರೆ ನಿಮ್ಮ ದಾರಿ ಸರಿಯಿದೆ. ಕೆಳಗಿನ ತುಂಡು ಮೇಲಿನದರ ಒಂಬತ್ತರಷ್ಟು ಭಾರ ಹೊರಬೇಕು. ಹಾಗಿದ್ದರೆ ಐದನ್ನೂ ಒಂದೇ ದಪ್ಪದ ಉಕ್ಕಿನಲ್ಲಿ ಮಾಡಬೇಕೇ, ಬೇರೆ ಬೇರೆ ದಪ್ಪದಲ್ಲೇ? ಬೇರೆ ಬೇರೆ ಮಾಡಿದರೆ ಉಕ್ಕು ಉಳಿಯುತ್ತದೆ. ಆದರೆ ನಡುರಾತ್ರಿ, ಮಳೆಯಲ್ಲಿ, ಕ್ರೇನಿನ ತುದಿಯಲ್ಲಿ ತೂಗುತ್ತಿರುವ ತುಂಡು ಯಾವುದೆಂದು ಗುರುತಿಸಬೇಕಾದವನ ಪಾಡನ್ನೂ ಯೋಚಿಸಿ ಉತ್ತರ ಬರೆಯಿರಿ.